ಒಂದ ಸಾಲು ಒತ್ತಿದ್ರ ದಂಡ

ನಮ್ಮ ಮನಿಯೊಳಗ ಹೊಲದ ಮಾತು ಬಂತಂದ್ರ ನನ್ನ ಹೆಂಡತಿ ಎದ್ದು ಅಡಗಿ ಮನಿಗೆ ಹೋಗಿಬಿಡ್ತಾಳ. ಅಕಿದೂ ತಪ್ಪಿಲ್ಲ. ಮದುವಿ ಆಗಿ ಬಂದಾಗಿಂದ ಬದುವಿನ ಜಗಳದ್ದ ಕಥಿ ಕೇಳ್ಯಾಳ. "ತಮ್ಮ ವರ್ಷಾ ರಂಟಿ ಹೊಡಸೋವಾಗ ಒಂದ ಸಾಲು ನನ್ನ ಕಡೆ ಒತ್ತಸ್ತಾನ" ಅಂತ ಅಪ್ಪನ ತಕರಾರು. "ಅಣ್ಣ ಬದು ಕಡದು ಕಡದು ಸಣ್ಣ ಮಾಡ್ಯಾನ" ಅಂತ ಕಾಕಾನ ತಕರಾರು. ಇಪ್ಪತ್ತು ವರ್ಷ ಇಬ್ಬರೂ ಒಳಗೊಳಗ ನುಂಗಿದ್ರು, ಆಮ್ಯಾಲೆ ಕೋರ್ಟಿಗೆ ಹೋದ್ರು. ಅಪ್ಪ ತೀರಿಕೊಂಡ ದಿವಸ ಕಾಕಾ ಬಂದ್ರು, ಮೂಲ್ಯಾಗ ನಿಂತ್ರು, ಯಾರ ಜೋಡಿನೂ ಮಾತಾಡಲಾರದ ಹೋದ್ರು.

ಅಂಥಾ ಮನಿಯಿಂದ ಬಂದ ನಾನು ಮಗಳ ಮನಿಗಂತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಹೋದಾಗ, ಎಲ್ಲಾರೂ ರಾಬಿನ್ ಹುಡ್‌ನ ಕಾಡು ನೋಡ್ಲಿಕ್ಕೆ ಹೋದ್ರ, ನಾ ಮಾತ್ರ ಆ ಕಡೇನ ಇರೋ ಲ್ಯಾಕ್ಸ್‌ಟನ್ ಅನ್ನೋ ಹಳ್ಳಿಗೆ ಕರಕೊಂಡ ಹೋಗು ಅಂದೆ. ಅಲ್ಲೆ ಬದು, ಬೇಲಿ ಏನೂ ಇಲ್ಲದ ಹೊಲಾ ಅವ ಅಂತ ಓದಿದ್ದೆ.

"ಅಪ್ಪಾ, ಇಷ್ಟ ದೂರ ಬಂದೂ ಹೊಲಾನ?" ಅಂದ್ಲು ಮಗಳು. ಆದ್ರೂ ಕರಕೊಂಡ ಹೋದ್ಲು.

ಊರು ನೋಡಿದ್ರ ಮೊದಲ ಏನೂ ವಿಶೇಷ ಅನಸೂದಿಲ್ಲ. ಒಂದು ಚರ್ಚು, ಒಂದು ಡವ್‌ಕೋಟ್ ಅನ್ನೋ ಪಬ್ಬು, ಊರ ಉತ್ತರಕ್ಕ ನಾರ್ಮನ್ನರ ಕಾಲದ ಕೋಟಿ ಇದ್ದ ಮಣ್ಣಿನ ದಿಬ್ಬ. ಓಣಿಗುಂಟ ಕೆಂಪ ಇಟ್ಟಂಗಿ ಮನಿ. ಸ್ವಲ್ಪ ಹೊತ್ತಾದ ಮ್ಯಾಲೆ ನನ್ನ ಹೆಂಡತಿನ ಮೊದಲ ಗಮನಿಸಿದ್ಲು: "ಅಲ್ರೀ, ಈ ದೇಶದಾಗ ರೈತರ ಮನಿ ಹೊಲದ ನಡಕ ಒಂಟಿ ಇರ್ತಾವಲ್ಲ, ಇಲ್ಲೆ ಎಲ್ಲಾ ಮನಿ ಊರಾಗ ಒಂದಕ್ಕೊಂದು ಹತ್ತಿ ಅವ." ಖರೇನ ಹೇಳಿದ್ಲು. ಎಷ್ಟೋ ಮನಿ ಅಡ್ಡ ಗ್ವಾಡಿ ಓಣಿಗೆ ಕೊಟ್ಟು ಉದ್ದಕ್ಕ ಹಿಂದ ಹೋಗ್ಯಾವ, ಹಿಂದ ಹಿತ್ತಲದಾಗ ಕೊಟ್ಟಿಗಿ, ಕಣಜ. ರೈತ ಹೊಲದಾಗ ಯಾಕ ಮನಿ ಕಟ್ಟಿಲ್ಲಂದ್ರ, ಅವನ ಹೊಲ ಒಂದ ಕಡೆ ಇಲ್ಲ. ಊರ ಸುತ್ತ ಮೂರು ದೊಡ್ಡ ಬಯಲು ಅವ, ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಅಂತ. ಒಬ್ಬೊಬ್ಬ ರೈತಗೂ ಈ ಮೂರೂ ಬಯಲಿನಾಗ ಉದ್ದನ್ನ ಪಟ್ಟಿ ಪಟ್ಟಿ ಹೊಲ. ಒಂದು ಪಟ್ಟಿಗೂ ಬಾಜೂದವನ ಪಟ್ಟಿಗೂ ನಡಕ ಬೇಲಿ ಇಲ್ಲ.

ಮಧ್ಯಯುಗದಾಗ ಇಂಗ್ಲೆಂಡಿನ ನಡುಭಾಗದ ಹಳ್ಳಿ ಭಾಳಷ್ಟು ಹಿಂಗ ಇದ್ವು. ಒಂದ ಬಯಲಿಗೆ ಚಳಿಗಾಲದ ಗೋದಿ, ಒಂದಕ್ಕ ವಸಂತದಾಗ ಬಿತ್ತೋ ಬೆಳಿ, ಇನ್ನೊಂದು ಪಡ. ಮುಂದಿನ ವರ್ಷ ಸರದಿ ಬದಲಿ. ಎಲ್ಲಾರೂ ಕೂಡಿ ಒಂದ ಸರದಿಗೆ ಒಪ್ಪಲೇಬೇಕು, ಯಾಕಂದ್ರ ಸುಗ್ಗಿ ಆದ ಮ್ಯಾಲೆ ಊರ ದನ, ಕುರಿ ಎಲ್ಲಾ ಅದೇ ಬಯಲಿನಾಗ ಮೇಯಬೇಕು. ಒಬ್ಬವ ತನಗ ತಿಳದಾಗ ಬಿತ್ತತೇನಿ ಅಂದ್ರ ಊರ ದನದ ಬಾಯಿಗೆ ಅವನ ಬೆಳಿ ಹೋಗೂದು. ಪಟ್ಟಿ ಉದ್ದ ಇರೂದು ಎತ್ತಿನ ಸಲುವಾಗಿ, ಸಾಲಿನ ಕೊನಿಗೆ ಎತ್ತಿನ ಸಾಲು ತಿರುಗಿಸೂದು ತ್ರಾಸಿನ ಕೆಲಸ. ನಮ್ಮ ಹಿರ್ಯಾರು "ಎರಡ ಫರ್ಲಾಂಗು ನಡದ್ರ ಬಂತು" ಅಂತಿದ್ರಲ್ಲ, ಆ ಶಬ್ದ ಹುಟ್ಟಿದ್ದು ಇಂಥಾ ಹೊಲದಾಗನ. ಫರೋ ಅಂದ್ರ ಸಾಲು, ಲಾಂಗ್ ಅಂದ್ರ ಉದ್ದ. ಒಂದ ಸಾಲಿನುದ್ದ. ನಾವು ಕೂರಿಗಿ ಲೆಕ್ಕದಾಗ ಹೊಲ ಅಳೀತಿದ್ದಂಗ.

ಆಮ್ಯಾಲೆ ಬೇಲಿ ಬಂತು. 1604ರಿಂದ 1914ರ ತನಕ ಅಲ್ಲಿ ಪಾರ್ಲಿಮೆಂಟಿನಾಗ 5,200ಕ್ಕೂ ಹೆಚ್ಚು ಮಸೂದೆ ತಂದು, ಸುಮಾರು 68 ಲಕ್ಷ ಎಕರೆ ಬಯಲು, ಗೋಮಾಳಕ್ಕ ಬೇಲಿ ಹಾಕಿದ್ರು. ಚೆದುರಿದ್ದ ಪಟ್ಟಿ ಒಂದ ಕಡೆ ಕೂಡಿದ್ವು, ಇಳುವರಿನೂ ಹೆಚ್ಚಾಗಿರಬೇಕು, ಅದನ್ನ ಅಲ್ಲಗಳೆಯೂದು ಬ್ಯಾಡ. ಆದ್ರ ಒಂದು ಆಕಳಾ, ನಾಕು ಕುರಿ ಊರ ಹುಲ್ಲಿನ ಮ್ಯಾಲೆ ಸಾಕಿಕೊಂಡಿದ್ದ ಬಡವರ ಹಕ್ಕು ಹೋತು, ಕೂಲಿ ಅಷ್ಟ ಉಳೀತು. ಲ್ಯಾಕ್ಸ್‌ಟನ್ನಿನೊಳಗೂ ಕೆಲವು ಹೊಲ ಬೇಲಿ ಒಳಗ ಹೋಗ್ಯಾವ. 20ನೇ ಶತಮಾನದ ಶುರುವಿಗೆ ಸಣ್ಣ ಸಣ್ಣ ಪಟ್ಟಿ ಕೂಡಿಸಿ ದೊಡ್ಡವೂ ಮಾಡಿದ್ರು. ಹಂಗಾದ್ರೂ ಮೂರು ಬಯಲು ಉಳದಾವ, ಸರದಿನೂ ಉಳದದ. 1635ರಾಗ ಮಾರ್ಕ್ ಪಿಯರ್ಸ್ ಅನ್ನೋ ಮೋಜಣಿದಾರ ಮಾಡಿದ ಈ ಊರಿನ ನಕಾಶೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಾಗ ಅದ, ಅದರಾಗ ಒಂದೊಂದು ಪಟ್ಟಿನೂ ಬರದಾರ.

ನೋಡ್ಲಿಕ್ಕೆ ಬಂದವರು ಇಷ್ಟಕ್ಕ ಖುಷಿ ಆಗಿ ಫೋಟೋ ಹೊಡಕೊಂಡು ಹೋಗ್ತಾರ, "ಎಷ್ಟ ಚಂದ ಹಳೇ ಸಂಪ್ರದಾಯ ಕಾಪಾಡ್ಯಾರ" ಅಂತ. ನನ್ನ ತಕರಾರು ಇರೂದು ಅದರ ಜೋಡಿನ. ಕಾಪಾಡಿದ್ದು ಚಂದ ಅಲ್ರೀ, ಜಗಳ. ವರ್ಷಕ್ಕೊಮ್ಮೆ, ಹೇಳಿ ಕೇಳಿ, ಮೈದಾನಕ್ಕ ಬಂದು ಮಾಡೋ ಜಗಳ.

ನವೆಂಬರ್ ಕೊನಿಗೆ, ಗೋದಿ ಬಿತ್ತಿ ಮುಗದ ಮ್ಯಾಲೆ, ಊರಿನ ರೈತರದ್ದ ಒಂದು ಜ್ಯೂರಿ ಆ ವರ್ಷದ ಗೋದಿ ಬಯಲಿಗೆ ಹೋಗ್ತದ. ಹೊರಗಿನವರಲ್ಲ, ಪಟ್ಟಿ ಇದ್ದವರ. ಕೈಯಾಗ ಗೂಟ, ಕೊಡತಿ. ಯಾರು ದಾರಿ ಮ್ಯಾಲೆ ರಂಟಿ ಹೊಡದಾರ, ಯಾರು ಗಟಾರ ತಗದಿಲ್ಲ, ಯಾರು 'ಸೈಕ್' ಒತ್ತ್ಯಾರ, ಎಲ್ಲಾ ನೋಡಿಕೋತ ನಡೀತಾರ. ಸೈಕ್ ಅಂದ್ರ ಬಯಲಿನ ನಡುವ ತಗ್ಗಿನಾಗ ಊಳಲಾರದ ಬಿಟ್ಟ ಹುಲ್ಲಿನ ಪಟ್ಟಿ, ಅದು ಎಲ್ಲಾರದೂ. ಹದ್ದು ಅಳಿಸಿದ್ದು ಕಂಡ್ರ ಅಲ್ಲೇ ಹೊಸ ಗೂಟ ಹೊಡೀತಾರ. ಮಧ್ಯಾಹ್ನ ಪಬ್ಬಿನಾಗ ಕೂತು ಊಟಾ, ಬಿಯರು. ಮುಂದಿನ ವಾರ ಅದೇ ಡವ್‌ಕೋಟ್ ಪಬ್ಬಿನಾಗ ಕೋರ್ಟು. ಖರೇನ ಕೋರ್ಟು! ಕೋರ್ಟ್ ಲೀಟ್ ಅಂತ ಅದರ ಹೆಸರು. ಜ್ಯೂರಿಯವರು ತಪ್ಪಿನ ಪಟ್ಟಿ ಓದತಾರ, ದಂಡ ಬೀಳ್ತದ, ಮುಂದಿನ ವರ್ಷದ ಜ್ಯೂರಿ ಪ್ರಮಾಣ ಮಾಡ್ತದ. ದಂಡ ಸಣ್ಣದು. ರೊಕ್ಕದ ಮಾತಲ್ಲ ಅದು, ಬಾಜೂದವರ ಮುಂದ ಹೆಸರು ಓದಿಸಿಕೊಳ್ಳೂದು ಅದಲ್ಲ, ಅದು ಸಾಕು.

ಇದನ್ನ ನಾಟಕ ಅಂತ ತಿಳೀಬ್ಯಾಡ್ರಿ. 1977ರಾಗ ಬ್ರಿಟನ್ ಸರಕಾರ ಹಳೇ ಕಾಲದ ಇಂಥಾ ಊರ ಕೋರ್ಟುಗಳ ಕಾನೂನು ಅಧಿಕಾರ ತಗದಾಗೂ, ಲ್ಯಾಕ್ಸ್‌ಟನ್ನಿನ ಕೋರ್ಟಿಂದ ತಗೀಲಿಲ್ಲ. ದನ ತಪ್ಪಿಸಿಕೊಂಡು ಬಂದ್ರ ಕಟ್ಟಲಿಕ್ಕೆ ಊರಾಗ ಕೊಂಡವಾಡನೂ ಅದ. ಕೊಂಡವಾಡ ಕಂಡು ನನ್ನ ಹೆಂಡತಿ ನಕ್ಕಿದ್ದ ನಕ್ಕಿದ್ದು. ಸಣ್ಣಾಕಿ ಇದ್ದಾಗ ಅವರ ಮನಿ ಎಮ್ಮಿ ಬಿಡಿಸಿಕೊಂಡ ಬರಲಿಕ್ಕೆ ಅಕಿನ್ನ ಕಳಸತಿದ್ರಂತ.

ನಾ ಆ ಗೂಟದ ವಿಚಾರನ ಹಿಡಕೊಂಡು ಕೂತೆ. ಒಂದ ವರ್ಷಕ್ಕ ಒಂದ ಸಾಲು ಒತ್ತಿದ್ರ ಅದು ಒಂದ ಗೇಣು ಆಗಬಹುದು. ಅದೇ ನವೆಂಬರಿನಾಗ ಗೂಟ ಹೊಡದ್ರ, ಒತ್ತಿದವಗೂ ನಾಚಿಕಿ ಇಷ್ಟ, ಕಳಕೊಂಡವಗೂ ಸಿಟ್ಟು ಇಷ್ಟ. "ನಾ ಅಲ್ಲೋ, ಟ್ರ್ಯಾಕ್ಟರದವ ಮಾಡ್ಯಾನ" ಅಂತ ಹೇಳಲಿಕ್ಕೂ ಜಾಗಾ ಇರ್ತದ. ಇಪ್ಪತ್ತು ವರ್ಷ ಬಿಟ್ರ ಅದು ಇಪ್ಪತ್ತು ಸಾಲು, ಮ್ಯಾಲೆ ಇಪ್ಪತ್ತು ದೀಪಾವಳಿ, ಎರಡು ಮದುವಿ, ಒಂದು ಹೆಣ. ಅಷ್ಟೆಲ್ಲಾ ಕೂಡಿದ ಮ್ಯಾಲೆ ಯಾವ ಜಡ್ಜು ಬಂದ್ರೂ ಹೊಲ ಅಷ್ಟ ಅಳೀಬಹುದು.

ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕದ ವಿಜ್ಞಾನಿ 1968ರಾಗ ಒಂದು ಲೇಖನ ಬರದು, ಊರ ಹುಲ್ಲು ಎಲ್ಲಾರದೂ ಅಂದ್ರ ಒಬ್ಬೊಬ್ಬವನೂ ಇನ್ನೊಂದ ದನ ಬಿಟ್ಟು ಕಡೀಕೆ ಹುಲ್ಲ ಹಾಳಾಗ್ತದ ಅಂತ ವಾದ ಮಾಡಿದ. ಎಷ್ಟೋ ಮಂದಿ ನಂಬಿದ್ರು. ಲ್ಯಾಕ್ಸ್‌ಟನ್ನಿನ ಸೈಕು ಇನ್ನೂ ಹಸರ ಅವ, ಅಲ್ಲಿ ಹೂವು, ಹುಲ್ಲಿನ ಸಲುವಾಗಿ ಸರಕಾರದ ರಕ್ಷಣೆನೂ ಅದ. ಹಾರ್ಡಿನ್ ಲೆಕ್ಕದಾಗ ನವೆಂಬರದ ಜ್ಯೂರಿ ಇರಲಿಲ್ಲ, ಅಷ್ಟ. ಮಂದಿ ಅಷ್ಟ ಪುಣ್ಯವಂತರು ಅಂತ ನಾ ಹೇಳೂದಿಲ್ಲ. ಪುಣ್ಯವಂತರಿದ್ದ ಊರಿಗೆ ಕೊಡತಿ ಯಾಕ ಬೇಕು?

ನನ್ನ ಹೆಂಡತಿ ಇಲ್ಲೆ ಅಡ್ಡ ಬಂದ್ಲು. "ಅವರೆಲ್ಲಾ ಸ್ವಂತ ಹೊಲದವರಂತೇನು? ಧಣಿ ಯಾರು?" ಪ್ರಶ್ನೆ ಸರಿ ಅದ. ಹೊಲದ ಹೆಚ್ಚಿನ ಪಾಲು ಒಬ್ಬ ಜಮೀನದಾರಂದು, ಮಂದಿ ಕೋರು, ಲಾವಣಿಯವರು. ಈ ಕೋರ್ಟು ಹುಟ್ಟಿದ್ದೂ ಧಣಿಯ ಕೋರ್ಟಾಗಿನ. ಶತಮಾನಗಟ್ಟಲೆ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟಿನ ಕೈಯಾಗಿತ್ತು. 1952ರಾಗ ಕೃಷಿ ಮಂತ್ರಾಲಯ ಕೊಂಡಿತು, ಈ ಪದ್ಧತಿ ಉಳಿಸಬೇಕಂತ. 1981ರಾಗ ಕ್ರೌನ್ ಎಸ್ಟೇಟಿಗೆ ಹೋತು. 2020ರಾಗ ತಿರುಗಿ ಥೋರ್ಸ್‌ಬಿಯವರ ಕೈಗೆ ಬಂತು. ಎಪ್ಪತ್ತು ವರ್ಷದಾಗ ಮೂರು ಸಲ ಧಣಿ ಬದಲಿ. ಊರವರು ಮಾರಾಟದ ಸುದ್ದಿ ಕೇಳಿದಾಗೆಲ್ಲಾ ಎದಿ ಹಿಡಕೊಂಡಿರಬೇಕು, ಒಕ್ಕಲು ಮಾಡಿದವರಿಗೆ ಅದು ಬಿಡಿಸಿ ಹೇಳಬೇಕಾಗಿಲ್ಲ.

ಉಳಿಸೋದು ಅಂದ್ರ ಏನು ಅಂತ ಎಲ್ಲಾ ಧಣಿಗಳೂ ತಿಳಕೋಬೇಕು ಅನಸ್ತದ ನಂಗ. ನಕಾಶೆ ಗ್ರಂಥಾಲಯದಾಗ ಸುಖವಾಗಿ ಅದ. ದಿಬ್ಬ ಎಲ್ಲೂ ಹೋಗೂದಿಲ್ಲ. ಬಯಲಿಗೆ ಬೋರ್ಡು ಹಚ್ಚಿ, ಟಿಕೆಟ್ ಇಟ್ಟು ಒಬ್ಬನ ಗುತ್ತಿಗೆದಾರ ಮೂರೂ ಬಯಲು ಬಿತ್ತಿದ್ರೂ ಮ್ಯಾಲಿಂದ ನೋಡ್ಲಿಕ್ಕೆ ಹಂಗ ಕಾಣ್ತದ. ಆದ್ರ ಅವ ಯಾರ ಸಾಲು ಒತ್ತಬೇಕು? ಯಾರು ಅವಗ ದಂಡ ಹಾಕಬೇಕು? ಈ ಪದ್ಧತಿಗೆ ಬೇಕಾಗಿದ್ದು ಒಬ್ಬರ ಮ್ಯಾಲೆ ಒಬ್ಬರು ಕಣ್ಣಿಟ್ಟ ಒಂದಿಷ್ಟು ಮನಿ, ಓಣ್ಯಾಗ ದಿನಾ ಮುಖಾ ನೋಡೋ ಮನಿ. ಸಣ್ಣ ಹೊಲದ ಮ್ಯಾಲೆ ಸಂಸಾರ ನಡಸೂದು ಅಲ್ಲೂ ಕಠಿಣ ಅದ. ಒಬ್ಬ ಮುದುಕ ರೈತ ಬಿಟ್ಟಾಗ ಅವನ ಪಟ್ಟಿ ಬಾಜೂದವಗ ಕೂಡಿಸೂದು ಲೆಕ್ಕಕ್ಕ ಹಗುರ, ಲಾವಣಿ ವಸೂಲಿಗೂ ಹಗುರ. ಹಂಗ ಕೂಡಿಸಿಕೋತ ಹೋದ್ರ ಒಂದ ದಿವಸ ಜ್ಯೂರಿಗೆ ಕೂಡಲಿಕ್ಕೆ ಮಂದಿನ ಇರೂದಿಲ್ಲ. ಅದಕ್ಕ ಲಾವಣಿ ಸ್ವಲ್ಪ ಕಡಿಮಿ ಆದ್ರೂ ಚಿಂತಿಲ್ಲ, ಖಾಲಿ ಆದ ಮನಿಗೆ ಹೊಸಾ ಸಂಸಾರ ತರಬೇಕು, ಸಣ್ಣ ಮಕ್ಕಳಿದ್ದವರನ್ನ. ಸರಕಾರ ರೊಕ್ಕಾ ಕೊಡೂದಿದ್ರ ಕಟ್ಟಡಕ್ಕಿಂತ ಮೊದಲ ಅದಕ್ಕ ಕೊಡಬೇಕು.

ತಿರುಗಿ ಬರೋವಾಗ ಕಾರಿನಾಗ ಮಗಳು ಕೇಳಿದ್ಲು, "ಅಪ್ಪಾ, ನಮ್ಮ ಹೊಲದ್ದ ಕೇಸು ಏನಾತು?"

"ತಾರೀಖು ಕೊಟ್ಟಾರ" ಅಂದೆ. ಹಿಂದಿನ ಸೀಟಿನಾಗ ಕೂತಿದ್ದ ನನ್ನ ಹೆಂಡತಿಗೆ ಎದ್ದು ಹೋಗಲಿಕ್ಕೆ ಅಲ್ಲೆ ಅಡಗಿ ಮನಿ ಇರಲಿಲ್ಲ. "ಕಾಕಾಗ ಎಂಬತ್ತೆರಡು ಆತು," ಅಂದ್ಲು, ಕಿಡಕಿ ಕಡೆ ನೋಡಿಕೋತ.