ಮನೆಗಿಂತ ಮೊದಲು ನೀರು

ಬೆಂಗಳೂರಿನ ಹೊರವಲಯದಲ್ಲಿ ಕುಟುಂಬಕ್ಕೊಂದು ಮನೆ ಹುಡುಕುತ್ತಿರುವ ನನಗೆ ಮಾರಾಟಗಾರರು ಈಜುಕೊಳ ತೋರಿಸುತ್ತಾರೆ, ವಾಸ್ತು ವಿವರಿಸುತ್ತಾರೆ. ಕುಡಿಯುವ ನೀರು ಎಲ್ಲಿಯದೆಂದು ಕೇಳಿದರೆ ಮಾತು ಟ್ಯಾಂಕರಿನತ್ತ ಹೊರಳುತ್ತದೆ. ತಪ್ಪು ಅವರದಷ್ಟೇ ಅಲ್ಲ. 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ; ಅವುಗಳ ದಾಹ ತಣಿಸಬೇಕಾದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನೀರಿಗಾಗಿ ಬಡಾವಣೆಗಳು ಕಾಯಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು.

2016ರ ರೇರಾ ಕಾಯ್ದೆ ಖರೀದಿದಾರನ ಹಣಕ್ಕೆ, ನಿರ್ಮಾಣದ ಗಡುವಿಗೆ ರಕ್ಷಣೆ ಒದಗಿಸಿತು. ಆದರೆ ನಲ್ಲಿಯಲ್ಲಿ ನಿತ್ಯ ನೀರು ಬರುವ ಖಾತರಿಯನ್ನು ಅದು ಕೊಡಲಾರದು. ಜಲಮೂಲ ಖಚಿತವಾಗದೆ ನಕ್ಷೆಗೆ ಮಂಜೂರಾತಿ ನೀಡುವ ಪರಿಪಾಠ ನಿಲ್ಲಬೇಕು. ಅಲ್ಲಿಯವರೆಗೆ ಮನೆ ನೋಡುವವರು ಏಪ್ರಿಲ್‌ನಲ್ಲಿ ಹೋಗಿ, ನೆರೆಯವರ ಟ್ಯಾಂಕರ್ ಬಿಲ್ಲು ಕೇಳುವುದು ಲೇಸು.