ಕೆತ್ತನೆಯ ಬಂದೂಕು ಮತ್ತು ಶ್ರಾವಕನ ಮನೆ

ಹಳೆಯದು, ಕಲಾಕೃತಿ, ಹೂಡಿಕೆ: ಲೀವರ್ ಎಳೆದು ಗುಂಡೇರಿಸುವ ವಿಂಚೆಸ್ಟರ್ ಬಂದೂಕಿನ ಸಂಗ್ರಾಹಕರ ಸಮರ್ಥನೆಗಳು ಈ ಮೂರು. ಅಂಥದೊಂದನ್ನು ಕೊಳ್ಳಬಯಸುವ ಶೋಳಿಂಗನಲ್ಲೂರಿನ ಜೈನ ಗೃಹಸ್ಥನು ಇವನ್ನು ಒರೆಗೆ ಹಚ್ಚಲೇಬೇಕು.

ಹಳತಾದ ಮಾತ್ರಕ್ಕೆ ಆಯುಧವು ಆಯುಧವಲ್ಲದಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಂ ಪುರಾತನ ಬಂದೂಕಿಗೆ ವಿನಾಯಿತಿ ನೀಡುವುದು, ದುರಸ್ತಿ ಮಾಡಿದರೂ ಅದು ಗುಂಡು ಹಾರಿಸಲಾರದಿದ್ದರೆ ಮಾತ್ರ. 1873ರ ಮಾದರಿಗೆ ಹೊಂದುವ ತೋಟಾಗಳು ಇಂದಿಗೂ ತಯಾರಾಗುತ್ತಿವೆ.

ಇನ್ನು ಕಲೆ. ಇಂಥ ಅನೇಕ ಬಂದೂಕುಗಳ ಉಕ್ಕಿನ ಮೇಲೆ ಕೆತ್ತಿರುವುದು ಅವುಗಳಿಗೇ ಬಲಿಯಾಗುವ ಜಿಂಕೆ, ಕರಡಿಗಳನ್ನು.

ಗೃಹಸ್ಥನಿಗೆ ವಿರೋಧಿ ಹಿಂಸೆ ಸಂಪೂರ್ಣ ನಿಷಿದ್ಧವಲ್ಲ, ಚಾವುಂಡರಾಯನೂ ಸೇನಾಪತಿಯಾಗಿದ್ದನೆಂಬ ವಾದ ಬರಬಹುದು. ಆತನ ಖಡ್ಗಕ್ಕೆ ರಾಜ್ಯರಕ್ಷಣೆಯ ಹೊಣೆಯಿತ್ತು. ಗಾಜಿನ ಕಪಾಟಿನ ಬಂದೂಕಿಗಿರುವುದು ಬೆಲೆಯೇರಿಕೆಯ ನಿರೀಕ್ಷೆಯೊಂದೇ. ಆ ಲಾಭ ಕೈಸೇರಬೇಕಾದರೆ ಬಂದೂಕು ಮತ್ತೊಬ್ಬರ ಕೈಸೇರಬೇಕು. ಆಯುಧವನ್ನು ಹೀಗೆ ಒದಗಿಸುವುದನ್ನೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂದು ಕರೆದು, ಐದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ.

ಪರವಾನಗಿಯನ್ನು ಸರ್ಕಾರ ಕೊಡಬಹುದು; ಅಣುವ್ರತ ಕೊಡದು. ಮಕ್ಕಳಿಗೆ ಆಸ್ತಿಯೆಂದು ಬಿಟ್ಟುಹೋಗಲು ಶ್ರಾವಕನಿಗೆ ಬಂದೂಕು ಬೇಡ.