ಇದನ್ನೆಲ್ಲ ಬಿಡಿಸಿ ಏನ್ ಮಾಡ್ತೀರಿ?

ಚಿತ್ರ ಬಿಡಿಸುವವರಿಗೆ ಈ ಮುಂಬಯಿಯಲ್ಲಿ ಜನ ಕೇಳೋದು ಎರಡೇ ಪ್ರಶ್ನೆ. ಒಂದು, "ಎಲ್ಲಿ ಕಲಿತದ್ದು?" ಎಲ್ಲೂ ಕಲಿತಿಲ್ಲ ಅಂದ ಕೂಡಲೇ ಎರಡನೆಯದು, "ಮಾರ್ತೀರಾ?" ಅದಕ್ಕೂ ಇಲ್ಲ ಅಂದಿರೋ, ಮುಗೀತು ಕಥೆ. ಎದುರಿಗಿದ್ದವರ ಮುಖದಲ್ಲಿ ಒಂಚೂರು ಅನುಕಂಪ ಕಾಣಿಸುತ್ತೆ. "ಓ... ಟೈಮ್ ಪಾಸಾ? ಒಳ್ಳೇದು ಒಳ್ಳೇದು, ಮನಸ್ಸಿಗೆ ನೆಮ್ಮದಿ." ಅಲ್ಲಿಗೆ ಚಹಾ ಬರುತ್ತೆ, ಮಾತು ನೀರಿನ ಟ್ಯಾಂಕರಿಗೋ ಸೊಸೈಟಿ ಮೀಟಿಂಗಿಗೋ ಹೊರಳುತ್ತೆ.

ನನಗೆ ಈ "ಟೈಮ್ ಪಾಸ್" ಅನ್ನೋ ಮಾತಿನ ಮೇಲೆ ವಿಪರೀತ ಸಿಟ್ಟಿದೆ. ಇವತ್ತು ಅದನ್ನು ಪೂರ್ತಿ ಕಾರಿಕೊಂಡೇ ಬಿಡ್ತೀನಿ.

ನಮ್ಮ ಎರಡನೇ ಮಹಡಿಯ ಕಾಕಾ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಎಂಟು ಸುತ್ತು ಹಾಕ್ತಾರೆ. ಅವರನ್ನು ಯಾರಾದ್ರೂ "ಇಷ್ಟು ನಡೆದು ಎಲ್ಲಿಗೆ ಮುಟ್ಟಿದಿರಿ ಕಾಕಾ?" ಅಂತ ಕೇಳಿದ್ದು ಉಂಟಾ? ನಮ್ಮನೆಯವರು ಐಪಿಎಲ್ ಶುರುವಾದ್ರೆ ಎರಡು ತಿಂಗಳು ಹಾಲಿನ ಸೋಫಾ ಬಿಟ್ಟು ಏಳೋದಿಲ್ಲ. ಅದಕ್ಕೆ ಯಾರೂ ಹವ್ಯಾಸ ಅಂತ ಕೂಡ ಹೆಸರಿಡಲ್ಲ, ಅದು ಸಹಜ ಜೀವನ! ನಾನು ಊಟದ ಟೇಬಲ್ಲಿನ ಒಂದು ಮೂಲೆಯಲ್ಲಿ ಕಾಗದ ಹರವಿದರೆ ಮಾತ್ರ ಲೆಕ್ಕ ಕೇಳ್ತಾರೆ. ಯಾಕೆ ಅಂತ ಯೋಚಿಸಿದ್ದೇನೆ. ಕ್ರಿಕೆಟ್ ನೋಡಿದ್ದು ಮನೆಯಲ್ಲಿ ಉಳಿಯೋದಿಲ್ಲ. ಚಿತ್ರ ಉಳಿಯುತ್ತೆ. ಉಳಿದದ್ದಕ್ಕೆ ಜಾಗ ಬೇಕು, ಜಾಗ ಅಂದ ಮೇಲೆ ಈ ಊರಲ್ಲಿ ಚದರಡಿ ಲೆಕ್ಕ ಬರಲೇಬೇಕು. ಒಂದು ಚದರಡಿಗೆ ಇಷ್ಟು ಸಾವಿರ ಅನ್ನೋ ಊರಿನಲ್ಲಿ ದುಡಿಯದೆ ಕೂತ ಕಾಗದ ಯಾರ ಕಣ್ಣಿಗಾದ್ರೂ ಚುಚ್ಚುತ್ತೆ ಬಿಡಿ.

ಇದೇ ಜನ ಮಕ್ಕಳ ಚಿತ್ರಕಲೆಗೆ ಮಾತ್ರ ದುಡ್ಡು ಸುರೀತಾರೆ, ಗಮನಿಸಿದ್ದೀರಾ? ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಅಂತ ಸರ್ಕಾರದ್ದೇ ಡ್ರಾಯಿಂಗ್ ಪರೀಕ್ಷೆಗಳಿವೆ. ವಸ್ತುಚಿತ್ರ, ಮೆಮರಿ ಡ್ರಾಯಿಂಗ್, ಡಿಸೈನು, ಜ್ಯಾಮಿತಿ, ಅಕ್ಷರ ಬರವಣಿಗೆ ಎಲ್ಲ ಉಂಟು. ಒಳ್ಳೆಯ ಪರೀಕ್ಷೆಯೇ, ನನ್ನದೇನೂ ತಕರಾರಿಲ್ಲ. ಇಂಟರ್‌ಮೀಡಿಯೆಟ್ ಪಾಸಾದರೆ ಹತ್ತನೇ ಕ್ಲಾಸಿನಲ್ಲಿ ಹೆಚ್ಚುವರಿ ಅಂಕ ಸಿಗುತ್ತೆ ಅನ್ನೋದೇ ಈಗ ಅದರ ಆಕರ್ಷಣೆ. ನನ್ನ ಮಗನೂ ಬರೆದ. ರಿಸಲ್ಟ್ ಬಂದ ಮಾರನೇ ದಿನ ಬ್ರಷ್ಷು ತೊಳೆದು ಡಬ್ಬಿಗೆ ಹಾಕಿದವನು ಮತ್ತೆ ಮುಟ್ಟಲಿಲ್ಲ. ಅವನಿಗೆ ಯಾರೂ "ಬಿಡಿಸಿ ಏನ್ ಮಾಡ್ತೀಯ ಮಗಾ" ಅಂತ ಕೇಳಿರಲಿಲ್ಲ. ಅಂಕ ಬರುತ್ತಿತ್ತಲ್ಲ! ಆ ಡಬ್ಬಿಯಲ್ಲಿ ಉಳಿದಿದ್ದ ಕ್ಯಾಮೆಲ್ ಟ್ಯೂಬುಗಳಿಂದಲೇ ನಾನು ಮತ್ತೆ ಶುರು ಮಾಡಿದ್ದು.

ಶುರು ಮಾಡಿದ್ದು ಯಾವಾಗ ಅಂತಲೂ ಹೇಳಬೇಕು. "ನಿಮಗೇನಮ್ಮ, ಪುರುಸೊತ್ತು ಇದೆ, ಬಿಡಿಸ್ತೀರಿ" ಅನ್ನುವವರಿಗೆ ಅದೇ ಉತ್ತರ. 2014ರಲ್ಲಿ ನಮ್ಮತ್ತೆ ಹಾಸಿಗೆ ಹಿಡಿದರು. ಮೊದಲು ಸೊಂಟ ಮುರಿಯಿತು, ಆಮೇಲೆ ಒಂದೊಂದೇ. ನಾಲ್ಕು ವರ್ಷ. ಬೆಳಿಗ್ಗೆ ಆರಕ್ಕೆ ಮಾತ್ರೆ, ಹತ್ತಕ್ಕೆ ಮೈ ಒರೆಸೋದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ರಾತ್ರಿ ಎಷ್ಟು ಹೊತ್ತಿಗೆ ಕರೀತಾರೋ ಹೇಳಕ್ಕಾಗಲ್ಲ. ನನ್ನ ಇಡೀ ಬಾಳಿನಲ್ಲಿ ಪುರುಸೊತ್ತೇ ಇರದ ಕಾಲ ಅಂದ್ರೆ ಅದು. ಅದೇ ಕಾಲದಲ್ಲಿ ಅತಿ ಹೆಚ್ಚು ಚಿತ್ರ ಬಿಡಿಸಿದ್ದೇನೆ. ನಿದ್ದೆ ಮಾಡೋಕ್ಕಾಗಲ್ಲ, ಮಂಚ ಬಿಟ್ಟು ಹೋಗೋಕ್ಕಾಗಲ್ಲ, ಕೈ ಮಾತ್ರ ಖಾಲಿ. ನೀರು ಬಣ್ಣಕ್ಕೆ ಒಂದು ಗುಣ ಇದೆ, ಒಂದು ಪದರ ಹಚ್ಚಿದ ಮೇಲೆ ಅದು ಒಣಗೋ ತನಕ ನೀವು ಕಾಯಲೇಬೇಕು. ಅಷ್ಟರಲ್ಲಿ ಗಂಜಿ ಕುಡಿಸಿ ಬರಬಹುದು. ಮುಂಬಯಿ ಮಳೆಗಾಲದಲ್ಲಂತೂ ಒಂದು ಪದರ ಒಣಗೋದರೊಳಗೆ ಗಂಜಿಯ ಜೊತೆ ಚಪಾತಿಯೂ ಆಗುತ್ತೆ :)

ಅತ್ತೆಯ ಕೈಗಳನ್ನೇ ಬಿಡಿಸ್ತಿದ್ದೆ. ನರಗಳು ಎದ್ದ ಕೈ, ಚಾದರದ ಮೇಲೆ ಇಟ್ಟಿದ್ದು. ಏಳನೇ ಕ್ಲಾಸು ಓದಿದವರು ಅವರು. ಒಂದು ದಿನ ಕಾಗದ ನೋಡಿ, "ನೆರಳು ಯಾಕೆ ನೀಲಿ ಮಾಡಿದ್ದೆ? ಕಪ್ಪು ಅಲ್ದಾ?" ಅಂತ ಕೇಳಿದರು. ಕಿಟಕಿಯ ಹೊರಗೆ ನೀಲಿ ಟಾರ್ಪಾಲು ಇದೆಯಲ್ಲ ಅತ್ತೆ, ಅದರ ಬೆಳಕು ಚಾದರಕ್ಕೆ ಬೀಳುತ್ತೆ ಅಂದೆ. ಐದು ನಿಮಿಷ ಚಾದರವನ್ನೇ ನೋಡಿದರು. "ಹೌದೇ ಮಾರಾಯ್ತಿ" ಅಂದರು. ಇಷ್ಟು ವರ್ಷದಲ್ಲಿ ನನ್ನ ಚಿತ್ರದ ಬಗ್ಗೆ ಯಾರಾದ್ರೂ ಕೇಳಿದ ಸರಿಯಾದ ಪ್ರಶ್ನೆ ಅಂದ್ರೆ ಅದೊಂದೇ. ಎಲ್ಲಿ ಕಲಿತೆ ಅಂತಿಲ್ಲ, ಎಷ್ಟಕ್ಕೆ ಹೋಗುತ್ತೆ ಅಂತಿಲ್ಲ.

ಇನ್ನು ಪ್ರೋತ್ಸಾಹಕರು. ಇವರು ಟೈಮ್ ಪಾಸ್ ಅನ್ನುವವರಿಗಿಂತ ಅಪಾಯ! "ಆಂಟೀ, ಇಷ್ಟು ಚೆನ್ನಾಗಿ ಮಾಡ್ತೀರಿ, ಇನ್‌ಸ್ಟಾಗ್ರಾಂನಲ್ಲಿ ಹಾಕಿ, ರೀಲ್ಸ್ ಮಾಡಿ, ಆರ್ಡರ್ ತಗೊಳ್ಳಿ." ಒಳ್ಳೆಯ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಮಾತಿನ ಒಳಗಿರೋದು ಅದೇ ಹಳೇ ಲೆಕ್ಕ: ದುಡ್ಡು ಹುಟ್ಟಿದರೆ ಮಾತ್ರ ನಿನ್ನ ಎರಡು ಗಂಟೆಗೆ ಮಾನ. ನಾನು ಮಾರುವವರ ವಿರೋಧಿಯಲ್ಲ ಮತ್ತೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಮಾಡ್ತಾರಲ್ಲ, ಅಲ್ಲಿ ರಸ್ತೆ ಬದಿ ಕೂತು ಮಾರುವವರನ್ನು ಕಂಡರೆ ನನಗೆ ತುಂಬ ಗೌರವ. ಇಲ್ಲಿ ಕಾಲಾ ಘೋಡಾದಲ್ಲಿ ಜಹಾಂಗೀರ್ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಇಟ್ಟುಕೊಂಡು ಬಿಸಿಲಿಗೆ ಕೂರುವವರಿದ್ದಾರೆ, ಅವರ ಮುಂದೆ ನಿಂತು ನಾನು ಸುಮಾರು ಕಲಿತಿದ್ದೇನೆ. ಅದು ಅವರ ಕಸುಬು, ಅವರ ಅನ್ನ. ನನ್ನದು ಅಲ್ಲ. ಅಲ್ಲ ಅನ್ನೋ ಕಾರಣಕ್ಕೆ ನನ್ನದು ಅರ್ಧ ಕೆಲಸ ಆಗೋದು ಹೇಗೆ?

ಈ ಮಾರುವ ಆಸೆ ಹುಟ್ಟಿಸಿ ಹೊಟ್ಟೆ ಹೊರೆಯುವ ಒಂದು ದಂಧೆ ಬೇರೆ ಇದೆ, ಗೊತ್ತಿರಲಿ. ವಾಟ್ಸಾಪಿಗೆ ಒಂದು ಸಂದೇಶ ಬರುತ್ತೆ, "ಅಭಿನಂದನೆಗಳು, ನಿಮ್ಮ ಕೃತಿ ನಮ್ಮ ರಾಷ್ಟ್ರೀಯ ಸಮೂಹ ಪ್ರದರ್ಶನಕ್ಕೆ ಆಯ್ಕೆಯಾಗಿದೆ." ನೀವು ಕಳಿಸಿಯೇ ಇರಲ್ಲ! ಯಾರದೋ ಗ್ರೂಪಿನಲ್ಲಿ ಫೋಟೋ ನೋಡಿ ಆಯ್ದದ್ದು. ಕೆಳಗೆ ಸಣ್ಣಕ್ಷರದಲ್ಲಿ ಶುಲ್ಕ. ನನ್ನ ಗೆಳತಿಯೊಬ್ಬಳು ಬ್ಯಾಂಕಿನಿಂದ ರಿಟೈರಾದವಳು, ಎರಡು ಚಿತ್ರಕ್ಕೆ ಏಳು ಸಾವಿರ ಕೊಟ್ಟಳು. ಫ್ರೇಮಿನ ಖರ್ಚು, ಟೆಂಪೋ ಖರ್ಚು ಬೇರೆ. ಮೂರು ದಿನದ ಪ್ರದರ್ಶನ, ದೀಪ ಬೆಳಗಿಸಿದ ಮುಖ್ಯ ಅತಿಥಿ ಹದಿನೈದು ನಿಮಿಷದಲ್ಲಿ ಹೊರಟರು. ಬಂದವರು ಯಾರು ಅಂದ್ರೆ ಚಿತ್ರ ಹಾಕಿದವರು ಮತ್ತು ಅವರ ಗಂಡಂದಿರು. ಎಲ್ಲರಿಗೂ ಒಂದೊಂದು ಸರ್ಟಿಫಿಕೇಟು, ಒಂದೊಂದು ಮೊಮೆಂಟೊ. ಎಲ್ಲರಿಗೂ ಕೊಟ್ಟ ಮೇಲೆ ಅದೆಂಥ ಆಯ್ಕೆ? ಸ್ವಂತ ಪ್ರದರ್ಶನಕ್ಕೆ ಬಾಡಿಗೆ ಕೊಡೋದು ಬೇರೆ ವಿಷಯ. 1952ರಿಂದ ಇರುವ ಜಹಾಂಗೀರಿನಲ್ಲೂ ಬಾಡಿಗೆ ಉಂಟು, ಆದರೆ ಅಲ್ಲಿ ಗೋಡೆ ಸಿಗೋಕೆ ವರ್ಷಗಟ್ಟಲೆ ಕಾಯಬೇಕು, ನಿಮ್ಮ ಕೆಲಸ ನೋಡ್ತಾರೆ. ಇಲ್ಲಿ ನೋಡೋದು ನಿಮ್ಮ ವಯಸ್ಸು ಮತ್ತು ಪೆನ್ಷನ್ನು. ಹವ್ಯಾಸಿಗಳ ಒಂದು ನೋವು ಇವರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಯಾರೂ ನೋಡೋದಿಲ್ಲ, ಯಾರಾದರೂ ನೋಡಿದರೆ ಸಾಕು ಅನ್ನೋ ನೋವು. ಅದನ್ನೇ ಮೂರು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ. ಗೆಳತಿ ಆ ಮೊಮೆಂಟೋವನ್ನು ಶೋಕೇಸಿನಲ್ಲಿ ಇಟ್ಟಿದ್ದಾಳೆ, ಚಿತ್ರಗಳು ಮಂಚದ ಕೆಳಗಿವೆ.

ನಮ್ಮವರನ್ನೂ ಬಿಡೋದಿಲ್ಲ ನಾನು. ಹವ್ಯಾಸಿಗಳು ಅನ್ನಿಸಿಕೊಂಡವರಲ್ಲಿ ಅರ್ಧ ಜನ ಮೊಬೈಲಿನಲ್ಲಿ ಸಿಕ್ಕಿದ್ದನ್ನೇ ಕಾಪಿ ಮಾಡ್ತಾರೆ. ಚಾಕುವಿನಿಂದ ಬಣ್ಣ ಮೆತ್ತಿದ ಬುದ್ಧನ ಮುಖ. ವಾಸ್ತು ಪ್ರಕಾರ ಓಡುವ ಏಳು ಬಿಳಿ ಕುದುರೆ. ರವಿವರ್ಮನ ದಮಯಂತಿ. ಅಲ್ಲ, ರವಿವರ್ಮ 1894ರಲ್ಲೇ ಇದೇ ಮುಂಬಯಿಯಲ್ಲಿ ಪ್ರೆಸ್ಸು ಹಾಕಿ ಮನೆಮನೆಗೆ ಚಿತ್ರ ಮುಟ್ಟಿಸಿ ಆಗಿದೆ, ಮತ್ತೆ ನಾವು ಕೈಯಲ್ಲಿ ಪ್ರಿಂಟ್ ತೆಗೆಯೋದು ಯಾಕೆ? ಕಲಿಯೋಕೆ ಕಾಪಿ ಮಾಡಿ, ಬೇಡ ಅನ್ನಲ್ಲ. ಆದರೆ ಹನ್ನೆರಡು ವರ್ಷ ಕುದುರೆಯನ್ನೇ ಬಿಡಿಸಿ, ಒಂದು ಸಲವೂ ಎದುರಿನ ಮರ ಬಿಡಿಸದವರು "ಹವ್ಯಾಸಿಗಳಿಗೆ ಬೆಲೆ ಇಲ್ಲ" ಅಂತ ಅಳಬಾರದು. ನನಗೂ ಬೇಡಿಕೆ ಬರುತ್ತೆ, "ಗೃಹಪ್ರವೇಶಕ್ಕೆ ಒಂದು ಏಳು ಕುದುರೆ ಮಾಡಿಕೊಡಿ ಅಕ್ಕ, ನಿಮಗೇನು ಒಂದು ದಿನದ ಕೆಲಸ." ಬಿಟ್ಟಿಯಾಗಿ ಬೇರೆ! ನಾನು ಕುದುರೆ ಬಿಡಿಸಲ್ಲ ಅಂತ ಹೇಳಿ ಸಂಬಂಧ ಕೆಡಿಸಿಕೊಂಡಿದ್ದೇನೆ, ಬೇಜಾರೇನೂ ಇಲ್ಲ.

ನಮ್ಮ ಕಾಂಪೌಂಡಿನ ಆಚೆ ಒಂದು ಸೋನಮೋಹರ್ ಮರ ಇದೆ. ಬೇಸಿಗೆಯಲ್ಲಿ ರಸ್ತೆಯೆಲ್ಲ ಹಳದಿ, ಆಮೇಲೆ ತುಕ್ಕು ಹಿಡಿದ ತಾಮ್ರದ ಬಣ್ಣದ ಕಾಯಿ. ಇಪ್ಪತ್ತು ವರ್ಷ ಅದರ ಕೆಳಗೇ ರಿಕ್ಷಾ ಹತ್ತಿದ್ದೆ. ಬಿಡಿಸೋಕೆ ಕೂತಾಗಲೇ ಗೊತ್ತಾಗಿದ್ದು, ಹೂವಿನ ಹಳದಿಗೂ ಕಾಯಿಯ ಕಂದಿಗೂ ನಡುವೆ ಒಂದೆರಡು ವಾರ ಎರಡೂ ಒಟ್ಟಿಗೆ ಇರ್ತವೆ ಅಂತ. ಮೊನ್ನೆ ತಂಗಿಯ ಮಗ ಅದೇ ಮರದ ಫೋಟೋ ತೆಗೆದು, ಮೊಬೈಲಿನಲ್ಲಿ ಏನೋ ಒತ್ತಿ, ಅರ್ಧ ನಿಮಿಷದಲ್ಲಿ ಜಲವರ್ಣ ಮಾಡಿ ತೋರಿಸಿದ. "ದೊಡ್ಡಮ್ಮ, ಇನ್ನು ನೀವು ಕಷ್ಟಪಡೋದು ಬೇಡ!" ಚೆನ್ನಾಗಿಯೇ ಇತ್ತು. ನಾನು ಕಷ್ಟಪಡ್ತಿದ್ದೇನೆ ಅಂತ ಅವನಿಗೆ ಹೇಳಿದ್ದು ಯಾರೋ! ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸುತ್ತಾ ಹೋದರೆ ನೀಲಿ ಸತ್ತು ಕಂದು ಹುಟ್ಟುವ ಮೊದಲು ಒಂದು ಬೂದುಬಣ್ಣ ಬರುತ್ತೆ, ಜೂನ್ ತಿಂಗಳ ಡೊಂಬಿವಲಿಯ ಆಕಾಶ ಅದು. ಅದನ್ನು ಹಿಡಿಯೋದರಲ್ಲಿ ಒಂದು ಸಂಜೆ ಹೋದರೆ ಆ ಸಂಜೆ ನನ್ನದು.

ಯಾರಾದರೂ ಓದುಗರು ಈಗ ರವೀಂದ್ರನಾಥ ಟಾಗೋರರ ಹೆಸರು ಹೇಳ್ತಾರೆ ಅಂತ ಗೊತ್ತು. ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದರು, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಆಯ್ತು, ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಬಿಟ್ಟು ಹೋದರು. ಸುಂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಆನ್ರಿ ರೂಸೋನನ್ನು ಪ್ಯಾರಿಸ್ ನಕ್ಕು ಗೇಲಿ ಮಾಡಿತು, ಈಗ ಅವನ ಚಿತ್ರಗಳು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಎಲ್ಲ ನಿಜ. ಆದರೆ ಇವರ ಹೆಸರು ಹೇಳಿ ನನ್ನನ್ನು ಸಮಾಧಾನ ಮಾಡಬೇಡಿ ದಯವಿಟ್ಟು. "ಮುಂದೊಂದು ದಿನ ನೀವೂ..." ಅನ್ನೋದು ಕೂಡ ಲಾಟರಿ ಟಿಕೆಟ್ಟಿನ ಮಾತೇ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನಮ್ಮ ಉಡುಪಿ ಕಡೆಯವರು, ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಇದೇ ಊರಲ್ಲಿ ಬದುಕಿ 1996ರಲ್ಲಿ ತೀರಿಕೊಂಡರು. ಅವರ ಒಂದು ಗೆರೆ ನೋಡಿದರೆ ಸಾಕು, ನನ್ನ ಅಳತೆ ನನಗೆ ಗೊತ್ತಾಗುತ್ತೆ. ನಾನು ಹೆಬ್ಬಾರರಾಗೋದಿಲ್ಲ. ಬಾವಡಿಯಲ್ಲಿ ಭಜನೆ ಹೇಳುವವರು ಭೀಮಸೇನ ಜೋಷಿ ಆಗೋದಿಲ್ಲ, ಹಾಗಂತ ಅವರ ತಾಳ ಕಿತ್ತುಕೊಳ್ತೀರಾ?

ಈಗ ಇದೆಲ್ಲ ಯಾಕೆ ಬಂತು ಅಂದ್ರೆ, ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗ್ತಾ ಇದೆ. ಮೂರು ವರ್ಷ ಬಾಡಿಗೆ ಮನೆ, ಈಗಿನದಕ್ಕಿಂತ ಒಂದು ಕೋಣೆ ಕಮ್ಮಿ. ಮಗ ಹೈದರಾಬಾದಿನಲ್ಲಿ, ಸೊಸೆಗೆ ಈಗ ಏಳನೇ ತಿಂಗಳು, ಬಾಣಂತನ ಇಲ್ಲೇ ಅಂತ ನಿರ್ಧಾರ ಆಗಿದೆ. ಸಂತೋಷವೇ. ಹೋದ ವಾರ ಸಾಮಾನಿನ ಲೆಕ್ಕ ಹಾಕೋಕೆ ಎಲ್ಲರೂ ಕೂತರು. ಅತ್ತೆಯ ಕಾಲದ ತಾಮ್ರದ ಹಂಡೆ, ಮೂವತ್ತು ವರ್ಷದಿಂದ ಯಾರೂ ನೀರು ಕಾಯಿಸದಿದ್ದದ್ದು, ಬರುತ್ತೆ. 1994ರ ಮಿಕ್ಸಿಯ ಖಾಲಿ ಡಬ್ಬ ಕೂಡ ಬರುತ್ತೆ, ನನಗೆ ನಗು ಬಂತು. ಚಿತ್ರಗಳ ಸರದಿ ಬಂದಾಗ ನಮ್ಮನೆಯವರು ಸಮಾಧಾನದಿಂದಲೇ ಹೇಳಿದರು, "ಒಳ್ಳೇ ಹತ್ತು ಆರಿಸ್ಕೋ. ಉಳಿದದ್ದರ ಫೋಟೋ ತೆಗೆದಿಟ್ಟರೆ ಆಯ್ತಲ್ಲ." ಮಗ ಫೋನಿನಲ್ಲಿ "ಹೌದಮ್ಮ, ಕ್ಲೌಡಿನಲ್ಲಿ ಸೇಫ್" ಅಂದ.

ಒಟ್ಟು ನೂರ ಅರವತ್ತಮೂರು. ಅದರಲ್ಲಿ ಮೂವತ್ತೊಂದು ಅತ್ತೆಯ ಕೈ. ಇವರ ಅಮ್ಮನ ಕೈ ಅದು! ಹತ್ತರಲ್ಲಿ ಯಾವ ಕೈ ಇಟ್ಟುಕೊಳ್ಳಲಿ, ಎಡದ್ದೋ ಬಲದ್ದೋ ಅಂತ ಕೇಳಿದೆ. ಇವರು ಉತ್ತರ ಕೊಡಲಿಲ್ಲ. ಆ ರಾತ್ರಿ ಕಟ್ಟು ಬಿಚ್ಚಿ ಒಂದೊಂದಾಗಿ ನೋಡ್ತಾ ಕೂತಿದ್ದರು, ನಾನು ಅಡುಗೆಮನೆಯಿಂದ ನೋಡಿದೆ. ಬೆಳಿಗ್ಗೆ ಮತ್ತೆ, "ಆದ್ರೂ ಜಾಗ ಎಲ್ಲುಂಟು?" ಅಂದರು.

ಜಾಗ ಉಂಟು. 300 ಜಿಎಸ್ಎಮ್ ಕಾಗದ ನೂರ ಅರವತ್ತಮೂರು ಒಂದರ ಮೇಲೊಂದು ಪೇರಿಸಿದರೆ ಮೂರು ಇಂಚು ದಪ್ಪ ಆಗುತ್ತೆ, ನಾನು ಅಳೆದಿದ್ದೇನೆ. ಮಿಕ್ಸಿಯ ಡಬ್ಬ ಹನ್ನೊಂದು ಇಂಚು ಎತ್ತರ. ಪ್ಯಾಕರ್ಸ್‌ನವರ ಪಟ್ಟಿಯಲ್ಲಿ ಇವರು "ಇತರೆ" ಅಂತ ಬರೆಸಿದ್ದನ್ನು ಹೊಡೆದು ಹಾಕಿ, "ಚಿತ್ರಗಳು, 163" ಅಂತ ನಾನೇ ಬರೆದಿದ್ದೇನೆ. ಹೊಸ ಮನೆಯಲ್ಲಿ ಊಟದ ಟೇಬಲ್ಲಿನ ಕಿಟಕಿ ಕಡೆಯ ಭಾಗ ನನ್ನದು ಅಂತಲೂ ಈಗಲೇ ಹೇಳಿಟ್ಟಿದ್ದೇನೆ, ಬಾಣಂತನ ಇದ್ದರೂ ಅಷ್ಟೇ. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತೆ, ಹಾಗಾಗಿ ಕಟ್ಟೋದು ಮಾತ್ರ ಅಕ್ಟೋಬರಿನ ಬಿಸಿಲು ಬಂದ ಮೇಲೆ. ಅಲ್ಲಿ ತನಕ ಅವು ಮಂಚದ ಮೇಲೇ ಇರ್ತವೆ, ಮಲಗುವವರು ಪಕ್ಕಕ್ಕೆ ಸರಿಸಿ ಮಲಗಿಕೊಳ್ಳಲಿ.